ತಾಳೆಯಾಗದ 75 ಸೆಂಟ್ಸ್

ಹೋದ ವರ್ಷ ದೀಪಾವಳಿಗೆ ಊರಿಗೆ ಹೋಗಿ ವಾಪಸ್ ಬಂದ ಸೋಮವಾರ ನನ್ನ ಹೆಸರಿಗೆ ಒಂದು ಟಿಕೆಟ್ ಬಿದ್ದಿತ್ತು. ಬಸ್ ಟಿಕೆಟ್ ಅಲ್ಲ, ಆಫೀಸಿನ ಟಿಕೆಟ್. ಒಂದೇ ಸಾಲು: ಮಾನಿಟರಿಂಗ್ ಪ್ಲಾಟ್‌ಫಾರ್ಮನ್ನು ಐಡೆಂಟಿಟಿ ಗವರ್ನೆನ್ಸ್ ಟೂಲ್‌ಗೆ ಕನೆಕ್ಟ್ ಮಾಡುವುದು. ಅಂದಾಜು ಎರಡು ವಾರ. ಅಂದಾಜು ಹಾಕಿದವನು ನಾನಲ್ಲ ಅನ್ನೋದನ್ನ ಇಲ್ಲೇ ಹೇಳಿಬಿಡ್ತೀನಿ.

ಐಟಿಯಲ್ಲಿ ಇಲ್ಲದವರಿಗಾಗಿ ಸ್ವಲ್ಪ ವಿವರ. ದೊಡ್ಡ ಕಂಪನಿಗಳಲ್ಲಿ ಈ ಎರಡೂ ಇರುತ್ತವೆ. ಮೊದಲನೆಯದು ಕಾವಲುಗಾರನ ಕಣ್ಣು ಅಂದ್ಕೊಳ್ಳಿ. ಯಾವ ಸರ್ವರ್ ಏನು ಮಾಡ್ತಿದೆ, ಯಾರು ಎಷ್ಟು ಹೊತ್ತಿಗೆ ಎಲ್ಲಿಂದ ಲಾಗಿನ್ ಆದರು, ಯಾವುದು ನಿಧಾನವಾಯಿತು, ಯಾವುದು ಮಲಗಿತು, ಎಲ್ಲವನ್ನೂ ಅದು ನೋಡುತ್ತದೆ, ಬರೆದಿಡುತ್ತದೆ, ಏನಾದರೂ ಎಡವಟ್ಟಾದರೆ ಕೂಗುತ್ತದೆ. ಎರಡನೆಯದು ಲೆಕ್ಕದ ಪುಸ್ತಕ. ಯಾರಿಗೆ ಯಾವ ಬಾಗಿಲಿನ ಬೀಗದಕೈ ಕೊಟ್ಟಿದೆ, ಕೊಡಿ ಅಂತ ಹೇಳಿದವರು ಯಾರು, ಅದು ಅವರಿಗೆ ಇನ್ನೂ ಬೇಕಾ, ಕೆಲಸ ಬಿಟ್ಟಾಗ ವಾಪಸ್ ತಗೊಂಡಿದ್ದಾರಾ. ಇಷ್ಟು ಅದರ ಕೆಲಸ.

ಎರಡನ್ನೂ ಜೋಡಿಸಿ ಮೊದಲನೇ ಸಲ ಓಡಿಸಿದಾಗ ಒಂದು ಪಟ್ಟಿ ಹೊರಗೆ ಬಂತು. ಕಣ್ಣಿಗೆ ದಿನಾ ಬೀಳುತ್ತಿದ್ದ, ಆದರೆ ಪುಸ್ತಕದಲ್ಲಿ ಯಜಮಾನರೇ ಇಲ್ಲದ ಅಕೌಂಟುಗಳ ಪಟ್ಟಿ. ಅದರಲ್ಲಿ ಒಂದು ಹೆಸರು ನೋಡಿ ಮೊದಲು ನಗು ಬಂತು. ಮೂರು ವರ್ಷದ ಹಿಂದೆ ಕೆಲಸ ಬಿಟ್ಟು ತಿಪಟೂರಿನ ಕಡೆ ತಮ್ಮ ತೆಂಗಿನ ತೋಟ ನೋಡಿಕೊಳ್ಳೋಕೆ ಹೋದ ನಮ್ಮ ಸೀನಿಯರ್ ಒಬ್ಬರದು. ಅವರು ಪ್ರತಿ ರಾತ್ರಿ 2 ಗಂಟೆ 10 ನಿಮಿಷಕ್ಕೆ ಒಂದು ಹಳೇ ಲಿನಕ್ಸ್ ಸರ್ವರಿಗೆ ಲಾಗಿನ್ ಆಗುತ್ತಿದ್ದರು! ಮಾನಿಟರಿಂಗ್ ಡ್ಯಾಶ್‌ಬೋರ್ಡಿನಲ್ಲಿ ಆ ಸಾಲು ಹಸಿರು: ಲಾಗಿನ್ ಯಶಸ್ವಿ. ಗವರ್ನೆನ್ಸ್ ಟೂಲಿನಲ್ಲಿ ಅವರ ಹೆಸರಿನ ಮುಂದೆಯೂ ಹಸಿರು: ಕೆಲಸ ಬಿಟ್ಟಿದ್ದಾರೆ, ಎಲ್ಲ ಅಕೌಂಟ್ ಮುಚ್ಚಿದೆ. ಆ ಸರ್ವರಿನಲ್ಲಿ ಯಾರೋ ಕೈಯಾರೆ ಮಾಡಿದ್ದ ಅಕೌಂಟ್ ಇದೆ ಅಂತ ಟೂಲಿಗೆ ಯಾರೂ ಹೇಳಿರಲಿಲ್ಲ. ಕಣ್ಣಿನ ಪ್ರಕಾರ ಎಲ್ಲ ಸರಿ, ಪುಸ್ತಕದ ಪ್ರಕಾರವೂ ಎಲ್ಲ ಸರಿ.

ನಮ್ಮೂರ ಸೊಸೈಟಿ ಗೋದಾಮು ನೆನಪಾಯಿತು. ನಾನು ಆಗ ಮಿಡ್ಲ್ ಸ್ಕೂಲು. ಗೊಬ್ಬರ, ಸಕ್ಕರೆ, ಸೀಮೆಎಣ್ಣೆ ಎಲ್ಲಾ ಅಲ್ಲೇ. ಬೀಗದಕೈ ಸೆಕ್ರೆಟರಿ ಹತ್ರ, ರಾತ್ರಿ ಕಾವಲಿಗೆ ಒಬ್ಬ ವಾಚ್‌ಮನ್. ಸೆಕ್ರೆಟರಿ ಬದಲಾದಾಗ ಹಳಬರು ಒಂದು ಬೀಗದಕೈ ವಾಪಸ್ ಕೊಟ್ಟರು, ಇನ್ನೊಂದು ಅವರ ಮನೆಯ ಗೋಡೆಗೂಡಿನಲ್ಲೇ ಉಳಿಯಿತು. ಕೆಲವು ತಿಂಗಳಿಗೆ ಯೂರಿಯಾ ಮೂಟೆ ಕಡಿಮೆ ಬಂದವು. ಹಳೇ ಸೆಕ್ರೆಟರಿ ಮನೆಯ ಹುಡುಗ ಆ ಬೀಗದಕೈ ತಂದು ಬಾಗಿಲು ತೆಗೆದಿದ್ದ. ವಾಚ್‌ಮನ್ ಎದುರಿಗೇ. ಅವನನ್ನು ಕೂರಿಸಿ ಕೇಳಿದರೆ, "ಬೀಗ ಒಡುದ್ರೆ ಕೂಗ್ಕೊತಿದ್ದೆ ಸ್ವಾಮಿ, ಬೀಗದಕೈ ಹಾಕಿ ತೆಗುದ್ರು, ನಾನ್ಯಾಕ್ ಕೇಳ್ಲಿ?" ಅಂದ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬೀಗದಕೈ ಯಾರ ಹತ್ರ ಇರಬೇಕು ಅನ್ನೋ ಪುಸ್ತಕವನ್ನ ಅವನಿಗೆ ಯಾರೂ ತೋರಿಸಿಯೇ ಇರಲಿಲ್ಲ.

ಕಂಪ್ಯೂಟರ್ ಪ್ರಪಂಚದಲ್ಲಿ ಕಣ್ಣು ಮತ್ತು ಪುಸ್ತಕ ಯಾಕೆ ಬೇರೆ ಬೇರೆ ಬೆಳೆದವು ಅಂತ ಹುಡುಕುತ್ತಾ ಕೂತೆ. ಆ ಟಿಕೆಟ್ಟಿನ ಎರಡು ವಾರ ಹೇಗೂ ಎರಡು ತಿಂಗಳಾಯಿತು.

ಶುರುವಾಗೋದು ಅಮೆರಿಕದ ಎಂಐಟಿಯಲ್ಲಿ. 1961ರ ನವೆಂಬರಿನಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಅವರ ತಂಡ ಸಿಟಿಎಸ್‌ಎಸ್ ಅನ್ನೋ ವ್ಯವಸ್ಥೆಯನ್ನ ಮೊದಲು ತೋರಿಸಿದರು. ಒಂದೇ ಕಂಪ್ಯೂಟರನ್ನ ಹಲವರು ಒಟ್ಟಿಗೆ ಬಳಸೋ ವ್ಯವಸ್ಥೆ. ಹಲವರು ಬಂದ ಮೇಲೆ ನಿನ್ನದು ಯಾವುದು, ನನ್ನದು ಯಾವುದು ಅನ್ನೋ ಪ್ರಶ್ನೆ ಬಂತು. ಕಂಪ್ಯೂಟರ್ ಸಮಯ ಆಗ ನಮ್ಮ ರೇಷನ್ ಸೀಮೆಎಣ್ಣೆ ಇದ್ದ ಹಾಗೆ, ಒಬ್ಬೊಬ್ಬರಿಗೆ ಇಷ್ಟಿಷ್ಟು ಅಂತ ಅಳೆದು ಕೊಡಬೇಕು. ಅದಕ್ಕೆ ಒಬ್ಬೊಬ್ಬರಿಗೂ ಒಂದು ಪಾಸ್‌ವರ್ಡ್ ಬಂತು. ಅಂದರೆ ಇಲ್ಲಿ ಪಾಸ್‌ವರ್ಡ್ ಕಳ್ಳರನ್ನ ತಡೆಯೋ ಕೋಟೆ ಬಾಗಿಲಾಗಿ ಹುಟ್ಟಿದ್ದಕ್ಕಿಂತ ಹೆಚ್ಚಾಗಿ ರೇಷನ್ ಕಾರ್ಡಾಗಿ ಹುಟ್ಟಿತು.

ರೇಷನ್ ಕಾರ್ಡ್ ಬಂದ ಮೇಲೆ ಬೋಗಸ್ ಕಾರ್ಡ್ ಬರದೇ ಇರುತ್ತಾ? 1962ರಲ್ಲಿ ಅಲನ್ ಶೆರ್ ಅನ್ನೋ ಪಿಎಚ್‌ಡಿ ವಿದ್ಯಾರ್ಥಿಗೆ ಸಿಗುತ್ತಿದ್ದದ್ದು ವಾರಕ್ಕೆ ನಾಲ್ಕು ಗಂಟೆ. ಅವನ ಕೆಲಸಕ್ಕೆ ಸಾಲದು. ಪಂಚ್ ಕಾರ್ಡ್ ಕೊಟ್ಟರೆ ಯಾವ ಫೈಲನ್ನಾದರೂ ಪ್ರಿಂಟ್ ಮಾಡಿ ಇಡುವ ಪದ್ಧತಿ ಅಲ್ಲಿತ್ತು. ಒಂದು ಶುಕ್ರವಾರ ರಾತ್ರಿ ಪಾಸ್‌ವರ್ಡ್ ಫೈಲನ್ನೇ ಪ್ರಿಂಟ್ ಮಾಡಿ ಅಂತ ಕಾರ್ಡ್ ಕೊಟ್ಟ. ಶನಿವಾರ ಬೆಳಿಗ್ಗೆ ಹೋಗಿ ಎತ್ತಿಕೊಂಡು ಬಂದ. ಅಷ್ಟೇ. ತಾನು ಮಾಡಿದ್ದು ಗೊತ್ತಾಗದಿರಲಿ ಅಂತ ಆ ಪಟ್ಟಿಯನ್ನ ಬೇರೆಯವರಿಗೂ ಹಂಚಿದ. ಹಾಗೆ ಸಿಕ್ಕಿದವರಲ್ಲಿ ಒಬ್ಬರು ಲಿಕ್‌ಲೈಡರ್. ಇಂಟರ್ನೆಟ್ಟಿನ ಇತಿಹಾಸದಲ್ಲಿ ದೊಡ್ಡ ಹೆಸರು. ಆ ಮಹಾನುಭಾವರು ಲ್ಯಾಬಿನ ನಿರ್ದೇಶಕರ ಅಕೌಂಟಿಗೇ ನುಗ್ಗಿ ಕೀಟಲೆಯ ಸಂದೇಶ ಬಿಟ್ಟು ಬರುತ್ತಿದ್ದರಂತೆ. ಇದನ್ನೆಲ್ಲ ಶೆರ್ ಎಷ್ಟೋ ವರ್ಷಗಳ ನಂತರ ತಾನಾಗೇ ಒಪ್ಪಿಕೊಂಡ. ಒಪ್ಪಿಕೊಳ್ಳದಿದ್ದರೆ ಇವತ್ತಿಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಕಂಪ್ಯೂಟರಿನ ಕಣ್ಣಲ್ಲಿ ನಡೆದದ್ದೆಲ್ಲ ಕ್ರಮಬದ್ಧ: ಕಾರ್ಡ್ ಬಂತು, ಪ್ರಿಂಟ್ ಆಯ್ತು, ಸರಿಯಾದ ಪಾಸ್‌ವರ್ಡ್ ಹಾಕಿದರು, ಒಳಗೆ ಬಿಟ್ಟಿತು. ಥೇಟ್ ನಮ್ಮೂರ ವಾಚ್‌ಮನ್.

ಈ ಸಮಸ್ಯೆಗೆ ಮೊದಲು ನೆಟ್ಟಗೆ ಹೆಸರು ಕೊಟ್ಟವರಲ್ಲಿ ಮುಖ್ಯರು ಜೇಮ್ಸ್ ಆಂಡರ್ಸನ್. 1980ರ ಏಪ್ರಿಲ್‌ನಲ್ಲಿ ಅವರು ಬರೆದ ಒಂದು ವರದಿ ಇದೆ. ನಾವು ಈಗ ದಿನಾ ನೋಡೋ ಡ್ಯಾಶ್‌ಬೋರ್ಡುಗಳ ತಾತ ಅಂತ ಅದನ್ನ ಕರೀಬಹುದು. ಕಂಪ್ಯೂಟರುಗಳು ಬಳಕೆಯ ಲೆಕ್ಕಕ್ಕಾಗಿ ಹೇಗೂ ದಾಖಲೆ ಬರೆದಿಡುತ್ತಿವೆ, ಅದರಲ್ಲೇ ಕಳ್ಳರನ್ನ ಯಾಕೆ ಹುಡುಕಬಾರದು ಅನ್ನೋದು ಅವರ ಪ್ರಶ್ನೆ. ಒಳಗಿನ ಕಳ್ಳರನ್ನ ಅವರು ಮೂರು ಥರ ಮಾಡಿದರು. ಇನ್ನೊಬ್ಬನ ಬೀಗದಕೈ ಹಿಡಿದು ಬರೋ ವೇಷಧಾರಿ. ತನ್ನದೇ ಬೀಗದಕೈಯನ್ನ ದುರುಪಯೋಗ ಮಾಡೋ ನೌಕರ. ಕಾವಲುಗಾರನ ಕಣ್ಣಿಗೇ ಬಟ್ಟೆ ಕಟ್ಟೋ ಶಕ್ತಿ ಇರುವವನು. ಇವರಲ್ಲಿ ವೇಷಧಾರಿಯ ಬಗ್ಗೆ ಅವರು ಹೇಳಿದ್ದು ಇಷ್ಟು: ಕಂಪ್ಯೂಟರಿನ ಮಟ್ಟಿಗೆ ಅವನಿಗೂ ಅಸಲಿ ಮನುಷ್ಯನಿಗೂ ವ್ಯತ್ಯಾಸವೇ ಇಲ್ಲ. ಹಿಡಿಯಬೇಕಾದರೆ ಒಂದೇ ದಾರಿ, ಅವನ ನಡವಳಿಕೆ ಮಾಮೂಲಿಗಿಂತ ಬೇರೆ ಇದೆಯಾ ಅಂತ ನೋಡುವುದು. ಹೊತ್ತಲ್ಲದ ಹೊತ್ತಿನಲ್ಲಿ ಬಂದನಾ, ಮುಟ್ಟದೇ ಇದ್ದದ್ದನ್ನ ಮುಟ್ಟಿದನಾ ಅಂತ. 1987ರಲ್ಲಿ ಡೊರೊತಿ ಡೆನಿಂಗ್ ಇದೇ ವಿಚಾರಕ್ಕೆ ಒಂದು ಗಟ್ಟಿ ಮಾದರಿ ಕಟ್ಟಿದರು. ಇವತ್ತು "ಎಐ ಬೇಸ್ಡ್ ಅನಾಮಲಿ ಡಿಟೆಕ್ಷನ್" ಅಂತ ಮಾರೋ ಎಷ್ಟೋ ಸರಕಿನ ಬೇರು ಅಲ್ಲಿದೆ.

ಒಂದು ತೊಡಕು ಮಾತ್ರ ಉಳಿಯಿತು. ಮಾಮೂಲಿ ಅಂದರೇನು? ನನ್ನ ಸೀನಿಯರ್ ಅಕೌಂಟ್ ಮೂರು ವರ್ಷದಿಂದ ರಾತ್ರಿ 2.10ಕ್ಕೆ ಬರ್ತಿದೆ. ಕಣ್ಣಿಗೆ ಅದಕ್ಕಿಂತ ಮಾಮೂಲಿ ಇನ್ನೊಂದಿಲ್ಲ. ಆ ಮನುಷ್ಯ ಈಗ ಕಂಪನಿಯಲ್ಲೇ ಇಲ್ಲ ಅನ್ನೋದು ಲಾಗಿನಲ್ಲಿ ಬರೆದಿರಲ್ಲ, ಪುಸ್ತಕದಲ್ಲಿ ಬರೆದಿರುತ್ತದೆ.

ಎರಡು ಲೆಕ್ಕ ತಾಳೆ ನೋಡಿದರೆ ಏನು ಸಿಗುತ್ತೆ ಅನ್ನೋದಕ್ಕೆ ನನಗೆ ಗೊತ್ತಿರೋ ಅತ್ಯಂತ ಚೆಂದದ ಘಟನೆ 1986ರ ಆಗಸ್ಟಿನದು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಲ್ಯಾಬ್. ಕ್ಲಿಫ್ ಸ್ಟಾಲ್ ಅಲ್ಲಿ ಖಗೋಳ ವಿಜ್ಞಾನಿ. ಸಂಶೋಧನೆಯ ದುಡ್ಡು ಮುಗಿದು, ಅದೇ ಲ್ಯಾಬಿನ ಕಂಪ್ಯೂಟರ್ ವಿಭಾಗಕ್ಕೆ ಬಂದು ಬಿದ್ದಿದ್ದರು. ನಮ್ಮಲ್ಲಿ ಮೆಕ್ಯಾನಿಕಲ್ ಓದಿ ಜಾವಾ ಕೋಡ್ ಮಾಡ್ತೀವಲ್ಲ, ಹಾಗೆ. ಹೊಸಬರಿಗೆ ಕೊಡೋ ಸಣ್ಣ ಕೆಲಸವೇ ಸಿಕ್ಕಿತು: ಬಳಕೆಯ ಬಿಲ್ಲಿನಲ್ಲಿ 75 ಸೆಂಟ್ಸ್ ತಾಳೆ ಬರ್ತಿಲ್ಲ, ಯಾಕೆ ನೋಡು.

ಲ್ಯಾಬಿನಲ್ಲಿ ಎರಡು ಲೆಕ್ಕ ನಡೆಯುತ್ತಿದ್ದವು. ಒಂದು ಯುನಿಕ್ಸ್ ತಾನಾಗೇ ಬರೆಯೋ ಬಳಕೆಯ ಲೆಕ್ಕ. ಇನ್ನೊಂದು ಲ್ಯಾಬಿನವರೇ ಬರೆದುಕೊಂಡಿದ್ದ ಪ್ರೋಗ್ರಾಮು, ಯಾವ ಅಕೌಂಟಿನ ಬಿಲ್ ಯಾವ ವಿಭಾಗಕ್ಕೆ ಹೋಗಬೇಕು ಅನ್ನೋದನ್ನ ಇಟ್ಟುಕೊಂಡಿದ್ದು. ನೋಡಿ, ಇಲ್ಲೇ ಇದೆ ನನ್ನ ಟಿಕೆಟ್! ಒಂದು ಕಣ್ಣು, ಒಂದು ಪುಸ್ತಕ. 75 ಸೆಂಟ್ಸ್ ಅಂದರೆ ಸುಮಾರು ಒಂಬತ್ತು ಸೆಕೆಂಡಿನ ಕಂಪ್ಯೂಟರ್ ಸಮಯ. ಯಾರಾದರೂ "ರೌಂಡಿಂಗ್ ಎರರ್ ಬಿಡಯ್ಯ" ಅಂತಿದ್ದರು. ಸ್ಟಾಲ್ ಬಿಡಲಿಲ್ಲ. ಹುಡುಕಿದಾಗ ಹಂಟರ್ ಅನ್ನೋ ಅಕೌಂಟ್ ಸಿಕ್ಕಿತು. ಕಂಪ್ಯೂಟರಿನಲ್ಲಿ ಅದು ಇದೆ, ಕೆಲಸ ಮಾಡಿದೆ. ಬಿಲ್ಲಿನ ಪುಸ್ತಕದಲ್ಲಿ ಅದಕ್ಕೆ ವಿಳಾಸವೇ ಇಲ್ಲ. ಯಾರೋ ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಸೇರಿಸೋದನ್ನ ಮರೆತಿದ್ದಾರೆ ಅಂತ ಅಳಿಸಿ ಹಾಕಿದರು.

ಸ್ವಲ್ಪದರಲ್ಲೇ ಬೇರೆ ಊರಿನ ಒಂದು ಕಂಪ್ಯೂಟರಿನವರಿಂದ ದೂರು ಬಂತು, ನಿಮ್ಮ ಲ್ಯಾಬಿನಿಂದ ಯಾರೋ ನಮ್ಮಲ್ಲಿ ನುಗ್ಗೋಕೆ ನೋಡಿದರು ಅಂತ. ಆ ಹೊತ್ತಿನ ದಾಖಲೆ ತೆಗೆದರೆ ಒಳಗೆ ಇದ್ದದ್ದು ಸ್ವೆಂಟೆಕ್ ಅನ್ನೋ ಅಕೌಂಟ್. ಸ್ವೆಂಟೆಕ್ ಲ್ಯಾಬಿನ ಹಳೇ ಪ್ರೋಗ್ರಾಮರ್, ಎಲ್ಲರಿಗೂ ಗೊತ್ತಿದ್ದ ಗಟ್ಟಿಗ. ಆದರೆ ಅವರು ಆಗ ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿದ್ದರು! ಅವರ ಅಕೌಂಟ್ ಮಾತ್ರ ಬರ್ಕ್‌ಲಿಯಲ್ಲಿ ಹಾಗೇ ಇತ್ತು, ನಮ್ಮ ಸೆಕ್ರೆಟರಿ ಮನೆ ಗೂಡಿನ ಬೀಗದಕೈ ಥರ.

ಮುಂದಿನದು ಸಿನಿಮಾ. ಸ್ಟಾಲ್ ಒಂದು ವಾರಾಂತ್ಯ ಆಫೀಸಿನಲ್ಲಿ ಯಾರೂ ಇಲ್ಲದಾಗ ಅವರಿವರ ಮೇಜಿನಿಂದ ಪ್ರಿಂಟರ್, ಟೆಲಿಪ್ರಿಂಟರ್ ಹೊತ್ತು ತಂದು, ಹೊರಗಿಂದ ಬರುವ ಲೈನುಗಳಿಗೆಲ್ಲ ಜೋಡಿಸಿ, ನೆಲದ ಮೇಲೇ ಮಲಗಿದರು. ಮಾನಿಟರಿಂಗ್ ಪ್ಲಾಟ್‌ಫಾರ್ಮ್ ಅಂದರೆ ಅವತ್ತಿಗೆ ಅದೇ, ಉರುಳಿ ಬೀಳೋ ಕಾಗದ. ನುಗ್ಗಿದವನು ಏನು ಟೈಪ್ ಮಾಡಿದ ಅನ್ನೋದೆಲ್ಲ ಆ ಕಾಗದದ ಮೇಲೆ ಬಂತು. ಅವನು ಜಿಎನ್‌ಯು ಈಮ್ಯಾಕ್ಸ್ ಅನ್ನೋ ಎಡಿಟರಿನ ಒಂದು ದೋಷ ಬಳಸಿ ಸೂಪರ್‌ಯೂಸರ್ ಆಗುತ್ತಿದ್ದ. ಅಲ್ಲಿಂದ ಅಮೆರಿಕದ ಸೇನೆಯ ಕಂಪ್ಯೂಟರುಗಳಿಗೆ ಹೋಗುತ್ತಿದ್ದ. ಸುಮಾರು 450 ಕಂಪ್ಯೂಟರುಗಳ ಬಾಗಿಲು ತಟ್ಟಿ 30ಕ್ಕೂ ಹೆಚ್ಚು ಕಡೆ ಒಳಗೆ ಹೋಗಿದ್ದ. ಅದರಲ್ಲಿ ಎಷ್ಟೋ ಕಡೆ ಬೀಗ ಒಡೆಯುವ ಜಾಣತನವೇನೂ ಬೇಕಾಗಿರಲಿಲ್ಲ. ಗೆಸ್ಟ್, ಫೀಲ್ಡ್, ಸರ್ವಿಸ್ ಅಂತ ಕಂಪನಿಯವರು ಮಿಷನ್ ಜೊತೆಗೇ ಕಳಿಸಿದ್ದ ಪಾಸ್‌ವರ್ಡುಗಳನ್ನ ಯಾರೂ ಬದಲಿಸಿರಲಿಲ್ಲ.

ಜಾಡು ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಯಿತು. ಅಲ್ಲಿನ ಟೆಲಿಫೋನ್ ಎಕ್ಸ್‌ಚೇಂಜ್ ಹಳೇ ಕಾಲದ್ದು, ಕರೆ ಎಲ್ಲಿಂದ ಅಂತ ಕಂಡುಹಿಡಿಯೋಕೆ ಅವನು ತುಂಬಾ ಹೊತ್ತು ಲೈನಿನಲ್ಲಿ ಇರಬೇಕು. ಅದಕ್ಕೆ ಸ್ಟಾಲ್ ಮತ್ತು ಅವರ ಗೆಳತಿ ಸೇರಿ ಕ್ಷಿಪಣಿ ಯೋಜನೆಯ ರಹಸ್ಯ ಕಡತಗಳು ಅನ್ನೋ ಹಾಗೆ ರಾಶಿ ರಾಶಿ ಸುಳ್ಳು ಫೈಲು ಮಾಡಿಟ್ಟರು. ಬಂದವನು ಅದನ್ನ ಓದ್ತಾ ಕೂತ. ಸಿಕ್ಕಿಬಿದ್ದ. ಮಾರ್ಕಸ್ ಹೆಸ್ ಅಂತ. ಅವನೂ ಅವನ ಜೊತೆಗಾರರೂ ಕದ್ದ ಮಾಹಿತಿಯನ್ನ ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರುತ್ತಿದ್ದರು. 1990ರಲ್ಲಿ ಶಿಕ್ಷೆಯಾಯಿತು, ಆದರೆ ಅಮಾನತಿನಲ್ಲಿಟ್ಟ ಶಿಕ್ಷೆ. ಜೈಲು ಕಾಣಲಿಲ್ಲ.

ಈ ಕಥೆ ಓದಿದವರೆಲ್ಲ ಕೆಜಿಬಿ ಬಗ್ಗೆ ಮಾತಾಡ್ತಾರೆ. ನನಗೆ ಮಾತ್ರ ಆ ಬಿಲ್ಲಿಂಗ್ ಪ್ರೋಗ್ರಾಮ್ ಬರೆದ, ಹೆಸರು ಯಾರಿಗೂ ನೆನಪಿಲ್ಲದ ಹುಡುಗರ ಬಗ್ಗೆ ಗೌರವ ಜಾಸ್ತಿ. ಅವರ ಪುಸ್ತಕ ಇಲ್ಲದಿದ್ದರೆ ಆ 75 ಸೆಂಟ್ಸ್ ವ್ಯತ್ಯಾಸವೇ ಕಾಣುತ್ತಿರಲಿಲ್ಲ.

ಇಷ್ಟೆಲ್ಲ ಆದ ಮೇಲೆ ಕಣ್ಣನ್ನೂ ಪುಸ್ತಕವನ್ನೂ ಒಟ್ಟಿಗೆ ಕಟ್ಟಬೇಕಿತ್ತು ತಾನೇ? ಕಟ್ಟಲಿಲ್ಲ. ಯಾಕಂದ್ರೆ ಅವೆರಡನ್ನೂ ಬೆಳೆಸಿದ್ದು ಎರಡು ಬೇರೆ ಭಯಗಳು.

ಕಣ್ಣು ಸರ್ವರ್ ನೋಡಿಕೊಳ್ಳೋ ನಮ್ಮಂಥವರ ಕೈಯಲ್ಲಿ ಬೆಳೆಯಿತು. ಎಂಬತ್ತರ ದಶಕದಲ್ಲಿ ಎರಿಕ್ ಆಲ್‌ಮನ್ ತಮ್ಮ ಮೇಲ್ ಪ್ರೋಗ್ರಾಮಿಗಾಗಿ ಸಿಸ್‌ಲಾಗ್ ಬರೆದರು, ಅದೇ ಯುನಿಕ್ಸ್ ಲೋಕದ ರೂಢಿಯಾಯಿತು. ಸರ್ವರ್ ಬಿದ್ದರೆ ರಾತ್ರಿ ಫೋನ್ ಬರುತ್ತಲ್ಲ, ಆ ಭಯ ಇದನ್ನ ಬೆಳೆಸಿದ್ದು.

ಪುಸ್ತಕ ಬೆಳೆದದ್ದು ಆಡಿಟರ್‌ಗಳ ಕೈಯಲ್ಲಿ. ಅವರ ಭಯ ಹೊರಗಿನ ಕಳ್ಳನದ್ದಲ್ಲ, ಒಳಗಿನ ಯಜಮಾನನದ್ದು. 1995ರ ಬೇರಿಂಗ್ಸ್ ಬ್ಯಾಂಕ್ ಕಥೆ ನೆನಪಿರಬಹುದು. 1762ರಲ್ಲಿ ಶುರುವಾಗಿದ್ದ ಬ್ಯಾಂಕು. ಸಿಂಗಪುರದಲ್ಲಿ ನಿಕ್ ಲೀಸನ್ ವ್ಯಾಪಾರವನ್ನೂ ಮಾಡುತ್ತಿದ್ದ, ಅದೇ ವ್ಯಾಪಾರದ ಲೆಕ್ಕ ಚುಕ್ತಾ ಮಾಡೋ ವಿಭಾಗವನ್ನೂ ನೋಡಿಕೊಳ್ಳುತ್ತಿದ್ದ. ನಷ್ಟವನ್ನೆಲ್ಲ 88888 ಅನ್ನೋ ಅಕೌಂಟಿನಲ್ಲಿ ಬಚ್ಚಿಟ್ಟ. ಒಬ್ಬನ ಕೈಯಲ್ಲೇ ಎರಡು ಬೀಗದಕೈ ಇರೋದು ಅಪಾಯ ಅಂತ ಬ್ಯಾಂಕಿನ ಒಳಗಿನ ಆಡಿಟ್ 1994ರಲ್ಲೇ ಹೇಳಿತ್ತು. ಯಾರೂ ಕೇಳಲಿಲ್ಲ. 82 ಕೋಟಿ 70 ಲಕ್ಷ ಪೌಂಡ್ ಮುಳುಗಿ, ಆ ಬ್ಯಾಂಕು ಕೊನೆಗೆ ಒಂದು ಪೌಂಡಿಗೆ ಮಾರಾಟವಾಯಿತು. ಆಮೇಲೆ ಎನ್ರಾನ್ ಮುಳುಗಿತು. 2002ರ ಜುಲೈನಲ್ಲಿ ಅಮೆರಿಕದಲ್ಲಿ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ ಬಂತು. ಹಣಕಾಸಿನ ಲೆಕ್ಕ ಮುಟ್ಟೋ ವ್ಯವಸ್ಥೆಗಳಿಗೆ ಯಾರಿಗೆ ಪ್ರವೇಶ ಇದೆ ಅಂತ ಕಂಪನಿಗಳು ತೋರಿಸಿ ಕೊಡಬೇಕಾದ ಪರಿಸ್ಥಿತಿ ಬಂತು. ಅದನ್ನ ತೋರಿಸೋಕೆ ಹುಟ್ಟಿದ್ದೇ ಈ ಗವರ್ನೆನ್ಸ್ ಟೂಲುಗಳ ಮಾರುಕಟ್ಟೆ.

ಅದರ ಫಲ ನಮಗೆಲ್ಲ ಗೊತ್ತು. ಮೂರು ತಿಂಗಳಿಗೊಮ್ಮೆ ಮ್ಯಾನೇಜರ್‌ಗೆ ಒಂದು ಪಟ್ಟಿ ಬರುತ್ತೆ: ಇವರಿಗೆ ಈ ಪ್ರವೇಶ ಇನ್ನೂ ಬೇಕಾ? ಶುಕ್ರವಾರ ಸಂಜೆ ಆರು ಗಂಟೆ, ನಾಲ್ಕು ನೂರು ಸಾಲು. ಸೆಲೆಕ್ಟ್ ಆಲ್, ಅಪ್ರೂವ್. ಆಡಿಟರ್ ಖುಷಿ, ಮ್ಯಾನೇಜರ್ ಮನೆಗೆ.

2005ರಲ್ಲಿ ಒಂದು ತಮಾಷೆ ಇದೆ. ಕಣ್ಣುಗಳ ಜಾತಿಗೆ ಎಸ್‌ಐಇಎಂ, ನಮ್ಮ ಬಾಯಲ್ಲಿ "ಸೀಮ್", ಅನ್ನೋ ಹೆಸರನ್ನ ಗಾರ್ಟ್ನರ್ ಸಂಸ್ಥೆಯವರು ಇಟ್ಟಿದ್ದು ಆ ವರ್ಷ. ಪುಸ್ತಕದ ಟೂಲುಗಳಲ್ಲಿ ದೊಡ್ಡ ಹೆಸರಾದ ಸೇಲ್‌ಪಾಯಿಂಟ್ ಕಂಪನಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಶುರುವಾಗಿದ್ದೂ ಅದೇ ವರ್ಷ. ಒಂದೇ ವರ್ಷದ ಮಕ್ಕಳು, ಬೇರೆ ಬೇರೆ ಮನೆಯಲ್ಲಿ ಬೆಳೆದವು. ಕೊಳ್ಳೋ ವಿಭಾಗ ಬೇರೆ, ಬಜೆಟ್ ಬೇರೆ, ಮೀಟಿಂಗೂ ಬೇರೆ. 2008ರಲ್ಲಿ ಫ್ರಾನ್ಸಿನ ಸೊಸಿಯೆತೆ ಜೆನೆರಾಲ್ ಬ್ಯಾಂಕಿನಲ್ಲಿ ಕೆರ್ವಿಯೆಲ್ ಅನ್ನೋ ಟ್ರೇಡರ್‌ನಿಂದ 490 ಕೋಟಿ ಯೂರೋ ಹೋಯಿತು. ಅವನು ಮೊದಲು ಕೆಲಸ ಮಾಡಿದ್ದು ಟ್ರೇಡರ್‌ಗಳ ಲೆಕ್ಕವನ್ನ ನೋಡೋ ಕಡೆಯೇ. ಬ್ಯಾಂಕಿನ ಸ್ವಂತ ತನಿಖೆಯೇ 70ಕ್ಕೂ ಹೆಚ್ಚು ಎಚ್ಚರಿಕೆಗಳು ಬಂದಿದ್ದವು ಅಂತ ಪಟ್ಟಿ ಮಾಡಿತು. ಒಂದೊಂದನ್ನೂ ಒಬ್ಬೊಬ್ಬರು ನೋಡಿದ್ದರು. ಎಲ್ಲವನ್ನೂ ಆ ಒಬ್ಬ ಮನುಷ್ಯನ ಹೆಸರಿನ ಕೆಳಗೆ ಸಾಲಾಗಿ ಇಟ್ಟು ನೋಡಿದವರು ಇರಲಿಲ್ಲ.

ಈಗ ನಮ್ಮೂರಿಗೆ ಬರೋಣ. ಊರು ಅಂದರೆ ಬೆಂಗಳೂರು.

2013ರ ನವೆಂಬರ್. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಶಾಪಿಂಗ್ ಸಮಯ. ಟಾರ್ಗೆಟ್ ಅನ್ನೋ ದೊಡ್ಡ ಅಂಗಡಿ ಸರಪಳಿಯ ಒಳಗೆ ಕಳ್ಳರು ಸೇರಿಕೊಂಡಿದ್ದರು. ಬೀಗ ಒಡೆದು ಬಂದದ್ದಲ್ಲ. ಅಂಗಡಿಗಳಿಗೆ ಫ್ರಿಜ್, ಕೂಲಿಂಗ್ ಕೆಲಸ ಮಾಡಿಕೊಡುತ್ತಿದ್ದ ಪೆನ್ಸಿಲ್ವೇನಿಯಾದ ಒಬ್ಬ ಸಣ್ಣ ಗುತ್ತಿಗೆದಾರರ ಲಾಗಿನ್ ಕದ್ದು ಬಂದದ್ದು. ಆ ಗುತ್ತಿಗೆದಾರರಿಗೆ ಲಾಗಿನ್ ಇದ್ದದ್ದು ಬಿಲ್ ಕಳಿಸೋಕೆ, ಕಾಂಟ್ರಾಕ್ಟ್ ಕಾಗದ ಕೊಡೋಕೆ. ಅಲ್ಲಿಂದ ಒಳಗೊಳಗೇ ಸರಿದು ಬಿಲ್ಲಿಂಗ್ ಕೌಂಟರಿನ ಮಿಷನ್‌ಗಳವರೆಗೆ ಹೋದರು.

ಟಾರ್ಗೆಟ್‌ನ ಕಾವಲಿನ ಒಂದು ತಂಡ ಕೂತಿದ್ದದ್ದು ಬೆಂಗಳೂರಿನಲ್ಲಿ. ಕೆಲವೇ ತಿಂಗಳ ಹಿಂದೆ 16 ಲಕ್ಷ ಡಾಲರ್ ಕೊಟ್ಟು ಫೈರ್‌ಐ ಕಂಪನಿಯ ಹೊಸ ವ್ಯವಸ್ಥೆ ಹಾಕಿಸಿದ್ದರು. ನವೆಂಬರ್ 30ರಂದು ಅದು ಕೂಗಿತು. ಬೆಂಗಳೂರಿನವರು ನೋಡಿದರು, ಮಿನಿಯಾಪೊಲಿಸ್‌ನ ಮುಖ್ಯ ಕಚೇರಿಯ ತಂಡಕ್ಕೆ ತಿಳಿಸಿದರು. ಅಲ್ಲಿ ಏನೂ ಆಗಲಿಲ್ಲ. ಡಿಸೆಂಬರ್ 2ಕ್ಕೆ ಮತ್ತೆ ಕೂಗಿತು. ಮತ್ತೆ ಏನೂ ಇಲ್ಲ. ಡಿಸೆಂಬರ್ 12ಕ್ಕೆ ಅಮೆರಿಕ ಸರ್ಕಾರದವರೇ ಬಂದು ಹೇಳೋ ತನಕ ಕಂಪನಿ ಎಚ್ಚೆತ್ತುಕೊಳ್ಳಲಿಲ್ಲ. ಅಷ್ಟರಲ್ಲಿ 4 ಕೋಟಿ ಕಾರ್ಡ್ ನಂಬರುಗಳು, 7 ಕೋಟಿ ಜನರ ವಿವರಗಳು ಹೋಗಿದ್ದವು. ಮುಂದಿನ ವರ್ಷ ಸಿಐಒ ಹೋದರು, ಆಮೇಲೆ ಸಿಇಒ ಹೋದರು.

ಆಗ ನಾನು ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ, ನೈಟ್ ಶಿಫ್ಟಿನಲ್ಲಿ ಇಂಥದ್ದೇ ಅಲರ್ಟ್ ನೋಡುತ್ತಿದ್ದೆ. ಸುದ್ದಿ ಹೊರಬಿದ್ದಾಗ ನಮ್ಮ ಟೀ ಅಂಗಡಿಯ ಮಾತೆಲ್ಲ ಒಂದೇ: "ಬೆಂಗಳೂರು ಹೇಳಿತ್ತು, ಅಮೆರಿಕ ಕೇಳಲಿಲ್ಲ." ಹೆಮ್ಮೆಯೂ ಇತ್ತು, ಸ್ವಲ್ಪ ಹೊಟ್ಟೆಯುರಿಯೂ ಇತ್ತು. ಈಗ ನನಗೆ ಅದು ಅಷ್ಟು ಸರಳ ಅನ್ಸಲ್ಲ. ಅಲರ್ಟ್ ನೋಡೋ ಕೆಲಸ ಮಾಡಿದವರಿಗೆ ಗೊತ್ತು, ದಿನಕ್ಕೆ ನೂರಾರು ಬರುತ್ತವೆ, ಬಹುಪಾಲು ಸುಳ್ಳು. ಅಲರ್ಟ್‌ಗೆ ಹೆಸರಿರಲ್ಲ. ಯಾವುದೋ ಸರ್ವರ್, ಯಾವುದೋ ಫೈಲ್, ಯಾವುದೋ ಐಪಿ. ಅದರ ಪಕ್ಕದಲ್ಲೇ ಪುಸ್ತಕದ ಒಂದು ಸಾಲು ಬಂದು ಕೂತಿದ್ದರೆ? "ಈ ದಾರಿಯ ಆ ತುದಿಯಲ್ಲಿರೋ ಲಾಗಿನ್ ಫ್ರಿಜ್ ರಿಪೇರಿಯವರದು, ಬಿಲ್ ಕಳಿಸೋದು ಮಾತ್ರ ಇವರ ಕೆಲಸ." ನಿದ್ದೆಗಣ್ಣಿನಲ್ಲಿ ಇದ್ದವನೂ ಎದ್ದು ಕೂರ್ತಿದ್ದ ಅಂತ ನನ್ನ ಅಂದಾಜು. ಖಚಿತವಾಗಿ ಹೇಳೋಕಾಗಲ್ಲ ಬಿಡಿ, ಎದ್ದು ಕೂತು ಮತ್ತೆ ಮಲಗೋರೂ ಇರ್ತಾರೆ.

2021ರ ಕಲೋನಿಯಲ್ ಪೈಪ್‌ಲೈನ್ ಘಟನೆಯನ್ನ ಎರಡೇ ಸಾಲಿನಲ್ಲಿ ಹೇಳ್ತೀನಿ. ಅಮೆರಿಕದ ಪೂರ್ವ ಕರಾವಳಿಗೆ ಪೆಟ್ರೋಲ್ ಸಾಗಿಸೋ ಕೊಳವೆ ಮೇ ತಿಂಗಳಲ್ಲಿ ನಿಂತುಹೋಗಿ ಬಂಕುಗಳ ಮುಂದೆ ಕ್ಯೂ ಬಿತ್ತು, ಕಂಪನಿ 44 ಲಕ್ಷ ಡಾಲರ್ ಒತ್ತೆಹಣ ಕೊಟ್ಟಿತು. ಕಳ್ಳರು ಬಂದದ್ದು ಯಾರೂ ಬಳಸದೇ ಬಿಟ್ಟಿದ್ದ, ಆದರೆ ಮುಚ್ಚದೇ ಬಿಟ್ಟಿದ್ದ ಒಂದು ವಿಪಿಎನ್ ಅಕೌಂಟಿನಿಂದ. 1986ರ ಸ್ವೆಂಟೆಕ್ ಅಕೌಂಟಿಗೂ ಇದಕ್ಕೂ ನಡುವೆ 35 ವರ್ಷ.

ನನ್ನ ಟಿಕೆಟ್ಟಿಗೆ ವಾಪಸ್ ಬರ್ತೀನಿ. ಜೋಡಿಸೋದು ತಾಂತ್ರಿಕವಾಗಿ ಈಗ ಅಂಥ ಬ್ರಹ್ಮವಿದ್ಯೆಯಲ್ಲ. ಅಕೌಂಟ್ ಸೃಷ್ಟಿಸೋದು, ಮುಚ್ಚೋದು ಎಲ್ಲ ಟೂಲುಗಳಿಗೂ ಒಂದೇ ಭಾಷೆಯಲ್ಲಿ ಇರಲಿ ಅಂತ 2011ರಲ್ಲಿ ಸ್ಕಿಮ್ ಅನ್ನೋ ಒಪ್ಪಂದ ಬಂತು, 2015ರಲ್ಲಿ ಇಂಟರ್ನೆಟ್ ಮಾನದಂಡವೂ ಆಯಿತು. ಪುಸ್ತಕದಿಂದ ಕಣ್ಣಿಗೆ ಹೋಗೋದು ಹೆಸರು, ಹುದ್ದೆ, ಮ್ಯಾನೇಜರ್, ಇದ್ದಾರಾ ಬಿಟ್ಟರಾ ಅನ್ನೋ ಮಾಹಿತಿ. ಕಣ್ಣಿಂದ ಪುಸ್ತಕಕ್ಕೆ ಹೋಗೋದು ಈ ಅಕೌಂಟ್ 90 ದಿನದಿಂದ ಮಲಗಿದೆ, ಇದು ಇದ್ದಕ್ಕಿದ್ದಂತೆ ಎದ್ದಿದೆ ಅನ್ನೋ ಸುದ್ದಿ. ಇನ್ನೂ ಒಂದಿದೆ, ನಾವೇ ಮರೆತಿದ್ದದ್ದು: ಮಾನಿಟರಿಂಗ್ ಪ್ಲಾಟ್‌ಫಾರ್ಮಿಗೂ ಲಾಗಿನ್ ಇರುತ್ತಲ್ಲ, ಅದರ ಬೀಗದಕೈಗಳೂ ಪುಸ್ತಕಕ್ಕೆ ಬರಬೇಕು. ಆಂಡರ್ಸನ್ ಹೇಳಿದ ಮೂರನೇ ಕಳ್ಳ, ಕಣ್ಣಿಗೆ ಬಟ್ಟೆ ಕಟ್ಟೋನು, ಬರೋದು ಅಲ್ಲಿಂದಲೇ.

ನನ್ನ ಎರಡು ತಿಂಗಳು ತಿಂದದ್ದು ಇದ್ಯಾವುದೂ ಅಲ್ಲ. ನಮ್ಮ ಹೆಸರುಗಳು. ಟೂಲು ಬರೆದವರಿಗೆ ಫಸ್ಟ್ ನೇಮ್, ಲಾಸ್ಟ್ ನೇಮ್ ಬೇಕು. ನಮಗೆ ಇರೋದು ಊರು, ಅಪ್ಪನ ಹೆಸರು, ಒಂದೆರಡು ಇನಿಷಿಯಲ್. ಮಂಜುನಾಥ ಅನ್ನೋ ಒಂದು ಹೆಸರು ಎಚ್‌ಆರ್ ದಾಖಲೆಯಲ್ಲಿ ಒಂಥರ, ಮೇಲ್ ಐಡಿಯಲ್ಲಿ ಒಂಥರ, ಸರ್ವರಿನಲ್ಲಿ ಬರೀ ಮಂಜು. ಇಂಗ್ಲಿಷಿನಲ್ಲಿ ಕೊನೆಗೆ ಒಂದು ಎ ಇದೆಯೋ ಇಲ್ಲವೋ ಅನ್ನೋದರ ಮೇಲೆ ಒಬ್ಬ ಮನುಷ್ಯ ಇಬ್ಬರಾಗುತ್ತಾನೆ, ಇಬ್ಬರು ಒಬ್ಬರಾಗುತ್ತಾರೆ. ಒಂದು ಸಂಜೆ ತಪ್ಪು ಮಂಜುನಾಥರ ಅಕೌಂಟ್ ತಾನಾಗೇ ಮುಚ್ಚಿಕೊಂಡು, ಅವರು ಆನ್‌ಕಾಲ್‌ನಲ್ಲಿ ಇದ್ದದ್ದರಿಂದ ಅವತ್ತು ರಾತ್ರಿ ನಾನು ಬೈಸಿಕೊಂಡೆ. ನ್ಯಾಯವಾಗೇ ಬೈದರು. ಅಂದಿನಿಂದ ಮುಚ್ಚೋ ಬಟನ್ ಒತ್ತೋದು ಮನುಷ್ಯರೇ ಇರಲಿ ಅಂತ ಬದಲಿಸಿದೆವು. ಕಣ್ಣಿನಲ್ಲಿ ಹೆಸರು ಸೇರಿಕೊಂಡ ಮೇಲೆ ಇನ್ನೊಂದು ಆಸೆಯೂ ಹುಟ್ಟುತ್ತೆ. ಒಬ್ಬ ಮ್ಯಾನೇಜರ್ ಬಂದು, "ನಮ್ಮ ಟೀಮಿನವರು ಎಷ್ಟೊತ್ತಿಗೆ ಲಾಗಿನ್ ಆಗ್ತಾರೆ ಅಂತ ರಿಪೋರ್ಟ್ ಕೊಡ್ತೀಯಾ?" ಅಂದರು. ಕೊಡಲಿಲ್ಲ. ಕೊಡೋಕೆ ಬರಲ್ಲ ಅಂತ ಸುಳ್ಳು ಹೇಳಿದೆ. ನಿಜ ಹೇಳಬೇಕಂದ್ರೆ ಹತ್ತು ನಿಮಿಷದ ಕೆಲಸ ಅದು.

ಪಟ್ಟಿಯ ಕೊನೆಗೆ ನಮ್ಮ ಸೀನಿಯರ್ ಉಳಿದರು. ಫೋನ್ ಮಾಡಿದೆ.

"ಏನಪ್ಪ, ಅಪರೂಪ" ಅಂದರು.

"ಅಣ್ಣ, ನೀವು ಇನ್ನೂ ದಿನಾ ರಾತ್ರಿ ನಮ್ಮಲ್ಲಿ ಕೆಲಸ ಮಾಡ್ತಿದ್ದೀರಿ" ಅಂತ ವಿಷಯ ಹೇಳಿದೆ.

ಜೋರಾಗಿ ನಕ್ಕರು. "ಹಂಗಾದ್ರೆ ಮೂರು ವರ್ಷದ ಸಂಬಳ ಕೊಡ್ಸೋ ಮಾರಾಯ." ಆಮೇಲೆ ನೆನಪಿಸಿಕೊಂಡರು. ಒಂದು ರಿಲೀಸ್ ದಿನ ಅರ್ಜೆಂಟಾಗಿ ಬರೆದಿದ್ದ ಸ್ಕ್ರಿಪ್ಟು, ಫೈನಾನ್ಸ್‌ನವರಿಗೆ ಒಂದು ಫೈಲ್ ಕಳಿಸೋದು. ಒಂದು ವಾರದ ಮಟ್ಟಿಗೆ ಅಂತ ತಮ್ಮ ಹೆಸರಲ್ಲೇ ಹಾಕಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆ ಪಾಸ್‌ವರ್ಡ್ ಸ್ಕ್ರಿಪ್ಟ್ ಒಳಗೇ ಬರೆದಿದ್ದೆ ಕಣೋ. ಯಾರಾದ್ರೂ ನೋಡಿ ಏನಾದ್ರೂ ಮಾಡಿದ್ದಿದ್ರೆ, ಹೆಸರು ಬರ್ತಿದ್ದದ್ದು ನಂದು ತಾನೇ?"

"ನಿಮ್ಮದೇ ಅಣ್ಣ."

"ಪೊಲೀಸ್ನೋರು ಇಲ್ಲಿ ತೋಟಕ್ಕೆ ಬಂದು ಕೇಳ್ತಿದ್ರು."

ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಆ ಅಕೌಂಟಿನ ಮೂರು ವರ್ಷದ ಲಾಗ್ ಒಂದೊಂದಾಗಿ ನೋಡಿದೆ, ರಾತ್ರಿ 2.10 ಬಿಟ್ಟು ಬೇರೆ ಹೊತ್ತಿನಲ್ಲಿ ಒಂದೂ ಲಾಗಿನ್ ಇಲ್ಲ, ಏನೂ ಆಗಿಲ್ಲ ಅಂದೆ. ನಾನು ನೋಡಿದ್ದು ನಿಜ. ಲಾಗ್ ಸಿಕ್ಕಿದ್ದು ಹದಿನೆಂಟು ತಿಂಗಳದ್ದು ಮಾತ್ರ, ಅದಕ್ಕಿಂತ ಹಿಂದಿನದ್ದು ಜಾಗ ಉಳಿಸೋಕೆ ಅಳಿಸಿದ್ದರು. ಅದನ್ನೂ ಹೇಳಿದೆ, ಆದರೆ ಸ್ವಲ್ಪ ತಡವಾಗಿ.

ಸ್ಕ್ರಿಪ್ಟನ್ನ ಬೇರೆ ಅಕೌಂಟಿಗೆ ಬದಲಿಸಿದೆ. ಯಜಮಾನರು ಯಾರು ಅನ್ನೋ ಕಾಲಂ ಖಾಲಿ ಬಿಡೋಕೆ ಟೂಲು ಬಿಡಲಿಲ್ಲ. ಫೈನಾನ್ಸ್‌ನವರು ನಮ್ಮದಲ್ಲ ಅಂದರು, ಸರ್ವರ್ ಟೀಮಿನವರೂ ನಮ್ಮದಲ್ಲ ಅಂದರು. ನನ್ನ ಹೆಸರು ಹಾಕಿದೆ. ಅದನ್ನ ಅವರಿಗೆ ಹೇಳಿದಾಗ, "ನೀನು ಬಿಡೋವಾಗ ಮರೀಬೇಡ, ತೆಗೆಸು" ಅಂದರು. ಹೂಂ ಅಂದೆ. ಆಮೇಲೆ ಕೊಬ್ಬರಿ ರೇಟಿನ ಮಾತು ಬಂತು.